ಫಾರಂ ತುಂಬುವ ಮೇಜು

ಮೂಡಿಗೆರೆಯಲ್ಲಿ ರಕ್ತದಾನ ಶಿಬಿರ ಮಾಡ್ತೀವಿ ಅಂದೆಯಲ್ಲ ಮಾರಾಯ, ಸಂತೋಷ. ಕಳಸದ ಕಡೆಯವರು ದೊಡ್ಡ ಆಪರೇಷನ್ ಅಂದರೆ ಇವತ್ತಿಗೂ ಘಾಟಿ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ರಕ್ತ ಕೊಡೋರು ಎಷ್ಟಿದ್ದರೂ ಸಾಲದು. ಆದರೆ ‘ತೋಟದ ಲೈನ್ ಮನೆಯ ಅಸ್ಸಾಮಿನವರು ಬೇಡ, ಅವರಿಗೆ ಕಾಮಾಲೆ ಗೀಮಾಲೆ ಇರುತ್ತೆ’ ಅಂದದ್ದು ನನಗೆ ಸರಿಬರಲಿಲ್ಲ.

ರಕ್ತದಿಂದ ಹರಡೋ ಕಾಮಾಲೆ, ಅಂದರೆ ಹೆಪಟೈಟಿಸ್ ಬಿ, ಊರು ಕೇಳಿ ಬರೋದಲ್ಲ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ, ಬದಲಿಸದ ಕ್ಷೌರದ ಬ್ಲೇಡು, ಜಾತ್ರೆಯ ಹಚ್ಚೆ, ಕಾಂಡೋಮ್ ಇಲ್ಲದ ಸಂಬಂಧ, ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ, ಹೀಗೆ ಬರುತ್ತೆ. ಜೊತೆಯಲ್ಲಿ ಉಂಡರೆ ಬರೋದಿಲ್ಲ. ದಾನಿಗಳ ಲೆಕ್ಕದಲ್ಲಿ ಸೋಂಕು ಸಿಕ್ಕವರು ಹೆಚ್ಚಾಗಿ ಗಂಡಸರು. ನಮ್ಮಲ್ಲಿ ರಕ್ತ ಕೊಡುವವರೇ ಬಹುಪಾಲು ಗಂಡಸರಲ್ಲವೇ? ಹಿಮೋಗ್ಲೋಬಿನ್ 12.5 ಇಲ್ಲ ಅಂತ ಎಷ್ಟೋ ಹೆಂಗಸರನ್ನು ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ವಯಸ್ಸಿನದೂ ನೋಡು. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸರ್ಕಾರದಿಂದ ಸಿಗೋ ಹಾಗಾದದ್ದು 2011ರಲ್ಲಿ. 18 ತುಂಬಿ ಇವತ್ತು ತೋಳು ಚಾಚುವ ನಿಮ್ಮಲ್ಲಿ ಬಹಳ ಜನ ಅದಕ್ಕೆ ಮೊದಲೇ ಹುಟ್ಟಿದವರು. ನೀನು ಹಾಕಿಸಿಕೊಂಡಿದ್ದೀಯಾ? ಇಲ್ಲವಾದರೆ ಮೂರು ಡೋಸ್, ಆರು ತಿಂಗಳು, ಮುಗಿಸು.

ರಕ್ತ ಸುರಕ್ಷಿತವಾಗಿರಲಿ ಅಂತಲೇ ದುಡ್ಡಿಗೆ ರಕ್ತ ಮಾರೋದು 1998ರಿಂದ ನಿಷೇಧ. ರಕ್ತದಿಂದಲೇ ಹರಡೋ ಹೆಪಟೈಟಿಸ್ ಸಿ ಪರೀಕ್ಷೆ 2001ರಿಂದ ಕಡ್ಡಾಯ. ಆದರೂ ಸೋಂಕು ತಗುಲಿದ ಮೊದಲ ಕೆಲವು ವಾರ ಅದು ಪರೀಕ್ಷೆಗೆ ಸಿಗದೇ ಹೋಗಬಹುದು. ಆಗ ಕಾಯೋದು ನೀವು ಬರೆದ ನಿಜ ಮಾತ್ರ. ಅದಕ್ಕೇ ಹೇಳೋದು, ಶಿಬಿರದ ಫಾರಂನಲ್ಲಿ ತೋಟದ ಹಾಜರಿ ಚೆಕ್‌ರೋಲ್ ತುಂಬಿದ ಹಾಗೆ ಸಾಲಾಗಿ ‘ಇಲ್ಲ, ಇಲ್ಲ’ ಅಂತ ಗೀಚಬೇಡಿ. ಹಚ್ಚೆ ಹಾಕಿಸಿದ್ದರೆ ಒಂದು ವರ್ಷ ಕಾಯಿರಿ. ರಕ್ತ ಬೇಕಾಗಿ ಚಿಕ್ಕಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ‘ನನಗಾಗದು’ ಅನ್ನೋಕೆ ನಾಚಿಕೆ; ಆ ನಾಚಿಕೆಯಲ್ಲೇ ಸುಳ್ಳು ಬರೆಯೋದು. ನೆಂಟರಿಗಾಗಿ ಕೊಡೋದಕ್ಕಿಂತ ಯಾರಿಗೋ ಅಂತ ಶಿಬಿರದಲ್ಲಿ ಕೊಡೋ ರಕ್ತವೇ ವಾಸಿ ಅನ್ನೋದು ಇದಕ್ಕೇ. ಪುಕ್ಕಟೆ ಪರೀಕ್ಷೆ ಆಗುತ್ತೆ ಅಂತ ಬಂದವರನ್ನು ಮಂಚ ಹತ್ತಿಸದೆ ಆಸ್ಪತ್ರೆಗೆ ಕಳಿಸು.

ಪರೀಕ್ಷೆಯಲ್ಲಿ ಸೋಂಕು ಸಿಕ್ಕಿದೆ ಅಂತ ಬ್ಲಡ್ ಬ್ಯಾಂಕಿನಿಂದ ಫೋನ್ ಬಂದರೆ ಅಡಗಿಸಬೇಡಿ. ಸರ್ಕಾರದ ಕಾರ್ಯಕ್ರಮದಲ್ಲಿ 2018ರಿಂದ ಚಿಕಿತ್ಸೆ ಉಚಿತ. ಸಿ ಆದರೆ ಹೆಚ್ಚಿನವರಿಗೆ 12 ವಾರದ ಮಾತ್ರೆಯಲ್ಲೇ ವಾಸಿ. ನೆಲನೆಲ್ಲಿ ಅರೆದು ಕುಡಿಸುವವರ ಹತ್ತಿರ ಮಾತ್ರ ಹೋಗಬೇಡಿ. ನೀರಿನಿಂದ ಬರೋ ಕಾಮಾಲೆ ಸಾಮಾನ್ಯವಾಗಿ ತಾನೇ ಇಳಿಯುತ್ತೆ, ಹೆಸರು ಮದ್ದಿಗೆ ಬರುತ್ತೆ. ಬಿ ವರ್ಷಗಟ್ಟಲೆ ಕಣ್ಣು ಹಳದಿ ಮಾಡದೆಯೇ ಒಳಗಿರುತ್ತೆ.

ಅಸ್ಸಾಮಿನ ಹುಡುಗರನ್ನೂ ಕರಿ. ಕನ್ನಡದ ಫಾರಂ ಅವರಿಗೆ ಓದೋಕಾಗದು, ಹಿಂದಿ ಬಲ್ಲ ಒಬ್ಬರನ್ನು ಆ ಮೇಜಿಗೆ ಕೂರಿಸು. ತೋಟದ ಮೇಸ್ತ್ರಿ ಬೇಡ. ಮೇಸ್ತ್ರಿ ಎದುರು ಯಾರೂ ನಿಜ ಹೇಳೋದಿಲ್ಲ.