ಹೆನ್ನಿಂಗ್ ಫ್ರಿಟ್ಜ್: ಜರ್ಮನಿಯ ಹ್ಯಾಂಡ್‌ಬಾಲ್ ಗೋಲ್‌ಕೀಪರ್
ಜನನ: 1974, ಮ್ಯಾಗ್ಡೆಬರ್ಗ್. ಕ್ಲಬ್‌ಗಳು: ಎಸ್‌ಸಿ ಮ್ಯಾಗ್ಡೆಬರ್ಗ್, ಟಿಎಚ್‌ಡಬ್ಲ್ಯು ಕೀಲ್, ರೈನ್-ನೆಕರ್ ಲೋವೆನ್.

ಇವರ ಹೆಸರಿನೊಡನೆ ನೆನಪಿಡಲೇಬೇಕಾದ ವರ್ಷ 2004. ಆ ವರ್ಷ ಜರ್ಮನಿ ಯುರೋಪಿಯನ್ ಚಾಂಪಿಯನ್ ಆಯಿತು, ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಒಕ್ಕೂಟದ ವರ್ಷದ ಆಟಗಾರ ಪ್ರಶಸ್ತಿ ಫ್ರಿಟ್ಜ್‌ಗೆ ಬಂತು. ಪುರುಷರಲ್ಲಿ ಈ ಗೌರವ ಪಡೆದ ಮೊದಲ ಗೋಲ್‌ಕೀಪರ್ ಇವರೇ. ಗೋಲು ಹೊಡೆಯುವವರನ್ನೇ ಮೆರೆಸುವ ಆಟದಲ್ಲಿ ಇದು ನಿಜಕ್ಕೂ ದೊಡ್ಡ ಮಾತು.

ಮುಂದೆ ಕೀಲ್‌ನಲ್ಲಿ ಆಡುವ ಅವಕಾಶ ಕಡಿಮೆಯಾದರೂ ರಾಷ್ಟ್ರೀಯ ತಂಡದ ತರಬೇತುದಾರ ಹೈನರ್ ಬ್ರಾಂಡ್ ಇವರನ್ನು ಕೈಬಿಡಲಿಲ್ಲ. 2007ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಕೊಲೋನ್‌ನ ಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ 29–24 ಗೆಲುವು. ಪಂದ್ಯದ ನಡುವೆ ಗಾಯಗೊಂಡ ಫ್ರಿಟ್ಜ್ ಬದಲಿಗೆ ಯೊಹಾನೆಸ್ ಬಿಟ್ಟರ್ ಗೋಲು ಕಾದರು.

ಗಮನಿಸಿ: ಬ್ರಾಂಡ್ 1978ರಲ್ಲಿ ಆಟಗಾರರಾಗಿಯೂ ವಿಶ್ವಕಪ್ ಗೆದ್ದಿದ್ದರು.