ಸತ್ತ ಇಲಿಯ ವಾಸನೆ: ದೀಪ ಹಚ್ಚಬಹುದೇ?

ಪ್ರಶ್ನೆ: ನಾವು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಇಲಿಕಾಟ ತಾಳಲಾರದೆ ಪಾಷಾಣ ಇಟ್ಟೆವು. ಆಮೇಲೆ ದೇವರಮನೆ ಕಡೆಯಿಂದ ಕೆಟ್ಟ ವಾಸನೆ ಶುರುವಾಯಿತು. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅತ್ತೆಯವರು ಮೂರು ವಾರದಿಂದ ದೀಪ ಹಚ್ಚಿಲ್ಲ, ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ. ಗಣಪತಿಯ ವಾಹನವನ್ನು ಕೊಂದ ದೋಷ, ದೊಡ್ಡ ಶಾಂತಿ ಮಾಡಿಸದೆ ಮಾವನವರ ಶ್ರಾದ್ಧವನ್ನು ಮನೆಯಲ್ಲಿ ಮಾಡಬಾರದು ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ಏನು ಮಾಡಬೇಕು?
(ಹೆಸರು ಬೇಡ ಎಂದಿರುವ ಓದುಗರು, ಬೆಂಗಳೂರು)

ಉತ್ತರ: ಪತ್ರದಲ್ಲಿ ಮುಖ್ಯವಾದ ಒಂದು ಮಾತೇ ಬಿಟ್ಟುಹೋಗಿದೆ ತಾಯಿ. ಇಲಿ ಸಿಕ್ಕಿತೋ ಇಲ್ಲವೋ? ಸಿಕ್ಕಿಲ್ಲದಿದ್ದರೆ ಮೊದಲು ಹುಡುಕಿಸಿ. ಅದು ಒಳಗಿರುವಾಗ ಎಷ್ಟು ಧೂಪ ಹಾಕಿದರೂ ಅದು ಶುದ್ಧಿಯಲ್ಲ, ಮುಚ್ಚಿಡುವುದು ಅಷ್ಟೆ. ಅಟ್ಟ, ಫಾಲ್ಸ್ ಸೀಲಿಂಗ್, ವಾರ್ಡ್‌ರೋಬಿನ ಹಿಂಭಾಗ, ಫ್ರಿಜ್ಜಿನ ಕೆಳಗೆ ನೋಡಿ. ನೊಣ ಎಲ್ಲಿ ಕೂರುತ್ತದೋ ಅಲ್ಲೇ ಇರುತ್ತದೆ. ಬೇಕಾದರೆ ಬಡಗಿಯನ್ನು ಕರೆದು ಒಂದು ಹಲಗೆ ಬಿಚ್ಚಿಸಿ. ಶಾಂತಿಗೆ ಇಟ್ಟ ಹಣದಲ್ಲಿ ಕಾಲು ಪಾಲೂ ಆಗದು.

ತೆಗೆಯುವಾಗ ಕೈಗವಸು, ಮೂಗಿಗೆ ಮಾಸ್ಕ್ ಇರಲಿ. ಒಣ ಪೊರಕೆಯಿಂದ ಗುಡಿಸಬೇಡಿ. ಬ್ಲೀಚಿಂಗ್ ಪೌಡರ್ ನೀರು ಹಾಕಿ ನೆನೆಸಿ ಒರೆಸಿ. ಇಲಿಜ್ವರ ಸುಮ್ಮನೆ ಬಂದ ಹೆಸರಲ್ಲ. ಮಣ್ಣಿದ್ದರೆ ಹೂಳಿ. ಇಲ್ಲವಾದರೆ ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಕಸ ಒಯ್ಯುವವರಿಗೆ ಹೇಳಿಯೇ ಕೊಡಿ. ಹೇಳದೆ ತರಕಾರಿ ಸಿಪ್ಪೆಯೊಳಗೆ ಸೇರಿಸಿ ಕೊಡುವವರಿದ್ದಾರೆ, ಅದು ಪಾಪ. ಮುಟ್ಟಿದವರು ತಲೆಗೆ ಸ್ನಾನ ಮಾಡಿದರೆ ಆಯಿತು.

ಇನ್ನು ಶಾಸ್ತ್ರ. ಸೂತಕ ಬರುವುದು ಜ್ಞಾತಿಗಳ ಜನನ ಮರಣದಲ್ಲಿ. ಇಲಿ ಸತ್ತರೆ ಮನೆಯವರಿಗೆ ಸೂತಕವಿಲ್ಲ, ಸ್ಥಳಕ್ಕೆ ಮಾತ್ರ ಅಶುದ್ಧಿ. ಸ್ಥಳಶುದ್ಧಿಗೆ ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಐದು ದಾರಿ ಇದೆ: ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು, ಮೇಲ್ಪದರ ಕೆರೆದು ತೆಗೆಯುವುದು, ಹಸುಗಳನ್ನು ಅಲ್ಲಿ ಇರಿಸುವುದು. ಮೂರನೇ ನಾಲ್ಕನೇ ಮಹಡಿಗೆ ಹಸು ಹತ್ತಿಸಲಾಗದು, ಮೊದಲ ನಾಲ್ಕನ್ನು ಮಾಡಿ. ಕೆರೆಯುವುದು ಎಂದದ್ದು ನಿಮ್ಮ ಮನೆಗೂ ಸಲ್ಲುತ್ತದೆ. ಕಲೆ ಹಿಡಿದ ರಟ್ಟು, ಪ್ಲೈವುಡ್ ತುಂಡನ್ನು ತೆಗೆದು ಎಸೆಯದೆ ವಾಸನೆ ಹೋಗದು. ಗೋಮೂತ್ರ ಪ್ರೋಕ್ಷಣೆ ಮಾಡುವುದಿದ್ದರೆ ಬ್ಲೀಚಿಂಗ್ ಪೂರ್ತಿ ತೊಳೆದು ಒಣಗಿದ ಮೇಲೆ ಮಾಡಿ. ಎರಡೂ ಬೆರೆತರೆ ಉಸಿರು ಕಟ್ಟಿಸುವ ಗಾಳಿ ಏಳುತ್ತದೆ. ಉಳಿದ ವಾಸನೆಗೆ ಕಿಟಕಿ ತೆರೆದು, ತಟ್ಟೆಯಲ್ಲಿ ಇದ್ದಿಲು ಇಡಿ. ಕೊನೆಗೆ ನಿಮ್ಮ ಪುರೋಹಿತರಿಂದ ಒಂದು ಪುಣ್ಯಾಹ ಮಾಡಿಸಿ, ಕಲಶದ ನೀರನ್ನು ಎಲ್ಲ ಕೋಣೆಗೂ ಪ್ರೋಕ್ಷಿಸಿ. ಇಷ್ಟೇ, ಹೋಮ ಬೇಡ.

ದೊಡ್ಡ ಶಾಂತಿ ಎಂದವರು ಇದನ್ನು ಉತ್ಪಾತ ಎಂದುಕೊಂಡಿದ್ದಾರೆ. ವರಾಹಮಿಹಿರರ ಬೃಹತ್ಸಂಹಿತೆಯ ಪ್ರಕಾರ ಪ್ರಕೃತಿಗೆ ವ್ಯತಿರಿಕ್ತವಾದದ್ದು ಉತ್ಪಾತ. ಪಾಷಾಣ ತಿಂದ ಇಲಿ ಸಾಯುವುದರಲ್ಲಿ ವ್ಯತಿರಿಕ್ತ ಏನು ಬಂತು? ಜಾತಕ ನೋಡುವವನಾಗಿಯೇ ಹೇಳುತ್ತಿದ್ದೇನೆ, ಇದಕ್ಕೆ ಗ್ರಹಗಳನ್ನು ಎಳೆಯಬೇಡಿ.

ಆದರೆ ಕೊಂದೆವು ಎಂಬ ನೋವು ಅತ್ತೆಯವರಲ್ಲಿದೆ, ಅದು ಸುಳ್ಳಲ್ಲ. ಗೃಹಸ್ಥನ ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಕೊಡ, ಈ ಐದು ಕಡೆಯೂ ತಿಳಿಯದೆ ಜೀವಹಿಂಸೆ ಆಗುತ್ತದೆ ಎಂದೇ ಹಿರಿಯರು ಪಂಚಮಹಾಯಜ್ಞ ಇಟ್ಟರು. ಇಲ್ಲಿ ತಿಳಿದೇ ಆಗಿದೆ. ಹಾಗಾಗಿ ಊಟಕ್ಕೆ ಮುಂಚೆ ಒಂದು ಹಿಡಿ ಅನ್ನವನ್ನು ಕಾಗೆಗೋ ಹಸುವಿಗೋ ಇಡುವುದನ್ನು ಅವರ ಕೈಯಿಂದಲೇ ಶುರುಮಾಡಿಸಿ. ಇನ್ನು ಮುಂದೆ ಪಾಷಾಣ ಬೇಡ, ಬೋನು ಇಡಿ. ಪೈಪಿನ ಸಂದು, ಬಾಲ್ಕನಿ ಬಾಗಿಲ ಕೆಳಗಿನ ಕಿಂಡಿ ಮುಚ್ಚಿಸಿ.

ದೀಪ ಮೂರು ವಾರ ನಿಲ್ಲಿಸಬೇಕಾಗಿರಲಿಲ್ಲ. ದೇವರಮನೆ ಸರಿಹೋಗುವವರೆಗೆ ವಿಗ್ರಹ, ಸಾಲಿಗ್ರಾಮಗಳನ್ನು ವಾಸನೆ ಇಲ್ಲದ ಕೋಣೆಗೆ ಮಣೆಯ ಮೇಲೆ ತಂದಿಟ್ಟು ಇವತ್ತು ಸಂಜೆಯೇ ಹಚ್ಚಲಿ. ಶ್ರಾದ್ಧಕ್ಕೆ ಪುಣ್ಯಾಹ ಮುಗಿದಿದ್ದರೆ ಮನೆಯಲ್ಲೇ ಮಾಡಿ. ಅಷ್ಟರೊಳಗೆ ಇಲಿ ಸಿಗದೆ ವಾಸನೆ ಉಳಿದಿದ್ದರೆ ಹತ್ತಿರದ ಮಠದಲ್ಲಿ ಮಾಡಿ. ತಿಥಿ ಮಾತ್ರ ತಪ್ಪಿಸಬೇಡಿ.