ಒಟಿಪಿ ಹೇಳಿದ ಮೇಲೆ ಲೆಕ್ಕವೇ ಬೇರೆ

ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎರಡೂ 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ವಿಲೀನವಾದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕುಗಳು ಯೂನಿಯನ್ ಬ್ಯಾಂಕಿಗೆ ಸೇರಿದವು. ಹೈದರಾಬಾದಿನ ನಾಚಾರಂನಲ್ಲಿ ಮನೆ ಮಾಡಿರುವ ಕನ್ನಡ ಕುಟುಂಬದ ಪಾಸ್‌ಬುಕ್ಕು ಊರಿನದಾಗಲಿ ಇಲ್ಲಿಯದಾಗಲಿ, ಹೆಸರು ಬದಲಾಯಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ಐಎಫ್‌ಎಸ್‌ಸಿ ಬದಲಾಗಿದೆ, ಕೆವೈಸಿ ಕೊಡಿ ಎಂಬ ಮಾತಿಗೆ ನಮ್ಮ ಕಿವಿ ಪಳಗಿಬಿಟ್ಟಿದೆ. ವಂಚಕ ಆಡುವುದೂ ಇದೇ ಮಾತನ್ನು, ಬೇಕಾದರೆ ಅಚ್ಚ ಕನ್ನಡದಲ್ಲಿ. ಆದ್ದರಿಂದ ಕರೆ ಅಸಲಿಯೋ ನಕಲಿಯೋ ಗುರುತಿಸಲು ಕಲಿಯಿರಿ ಎಂಬ ಬುದ್ಧಿವಾದದಲ್ಲಿ ನನಗೆ ನಂಬಿಕೆಯಿಲ್ಲ. ಗುರುತಿಸುವ ಗೋಜಿಗೇ ಹೋಗಬಾರದು. ಖಾತೆಯ ವಿವರ ಕೇಳಿದವರು ಯಾರೇ ಆಗಿರಲಿ, ಫೋನ್ ಇಟ್ಟು, ಕಾರ್ಡಿನ ಹಿಂಬದಿಯ ನಂಬರಿಗೆ ನಾವೇ ಕರೆ ಮಾಡಬೇಕು.

ಇಷ್ಟು ಬಿಗಿ ಯಾಕೆಂದು ಕೇಳುವವರು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು 3 ಲಕ್ಷ ರೂಪಾಯಿಗೆ ಹಚ್ಚಿ ನೋಡಲಿ. ತಪ್ಪು ನಿಮ್ಮದಲ್ಲ, ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಸೋರಿಕೆಯಾಗಿ ಹಣ ಹೋಯಿತು, ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟಿರಿ ಎನ್ನಿ. ನಿಮ್ಮ ನಷ್ಟ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ಕೊಟ್ಟರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000. ನೀವೇ ಒಟಿಪಿ ಹೇಳಿದ್ದರೆ ಮಾತ್ರ, ದೂರು ಕೊಡುವವರೆಗೆ ಹೋದದ್ದೆಲ್ಲ ನಿಮ್ಮ ತಲೆಗೆ; ಆಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಲಕ್ಷ ಹೋಗುತ್ತಿದೆ ಎಂದುಕೊಳ್ಳಿ. ಮೊದಲ ಮೆಸೇಜಿಗೇ ಬ್ಯಾಂಕಿಗೆ ತಿಳಿಸಿದವರು ಕಳೆದುಕೊಳ್ಳುವುದು 1 ಲಕ್ಷ. ಮಗ ಬೈದಾನೆಂದು ಅರ್ಧ ಗಂಟೆ ಬಾಯಿ ಬಿಡದವರು 3 ಲಕ್ಷ. ತಿಂಗಳಿಗೆ 5,000 ಉಳಿಸುವ ಮನೆಗೆ ನಡುವಿನ 2 ಲಕ್ಷವೆಂದರೆ 40 ತಿಂಗಳ ಉಳಿತಾಯ. ಮೋಸ ಹೋದವರನ್ನು ಗದರಿಸುವ ಮನೆಗಳು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ಕರೆ ನಿಜವಾಗಿಯೂ ಬ್ಯಾಂಕಿನದೇ ಆಗಿದ್ದರೆ? ಆಗಿರಲಿ. ಕೆವೈಸಿಯನ್ನು ನಾಳೆ ಶಾಖೆಗೆ ಹೋಗಿ ಕೊಡಬಹುದು. ಖಾತೆ ಎರಡು ದಿನ ನಿಂತರೆ ತೊಂದರೆಯೇ ಹೊರತು ನಷ್ಟವಲ್ಲ. ವಹಿವಾಟಿನ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನೇ ಬಳಸಿ ಎಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ, ಒಳ್ಳೆಯದು. ಆದರೆ ಆ ನಂಬರಿಗೂ ಒಟಿಪಿ ಹೇಳಬೇಕಿಲ್ಲ. ನಮ್ಮ ಹೆಸರು, ಕಾರ್ಡಿನ ನಂಬರು ಅವರಿಗೆ ಗೊತ್ತಿತ್ತಲ್ಲ ಎನ್ನುತ್ತಾರೆ. ಗೊತ್ತಿರುವುದು ಮಾಹಿತಿ ಸೋರಿದ್ದಕ್ಕೆ ಸಾಕ್ಷಿ, ಕರೆ ಅಸಲಿ ಎನ್ನುವುದಕ್ಕಲ್ಲ. ಪೊಲೀಸರ ಹೆಸರಿನಲ್ಲಿ ಕರೆ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದಂತೂ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಇನ್ನು ಕಾರ್ಡ್ ಪ್ರೊಟೆಕ್ಷನ್ ಪ್ಲಾನ್ ತೆಗೆದುಕೊಂಡರೆ ಸಾಲದೇ ಎಂಬ ಪ್ರಶ್ನೆ. ಗ್ರಾಹಕ ತಾನೇ ಒಟಿಪಿ ಕೊಟ್ಟರೆ ಪರಿಹಾರವುಂಟೇ ಎಂಬುದಕ್ಕೆ ನೇರ ಉತ್ತರ ಕೊಡದ ಪ್ಲಾನಿಗೆ ಒಂದು ರೂಪಾಯಿಯೂ ದಂಡ. ಅದನ್ನು ಫೋನಿನಲ್ಲಿ ಮಾರುವುದು ಇನ್ನೂ ತಪ್ಪು. ಅಪರಿಚಿತರ ಜತೆ ಕಾರ್ಡಿನ ಮಾತಾಡುವ ಚಾಳಿ ಹಿಡಿಯುವುದೇ ಹಾಗೆ. ಹಣ ಹೋದರೆ ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತೆಲಂಗಾಣದಲ್ಲೂ ಕರ್ನಾಟಕದಲ್ಲೂ ನಂಬರು ಅದೇ. ಊರಿನಲ್ಲಿರುವ ಅಪ್ಪ ಅಮ್ಮನ ಫೋನಿನಲ್ಲೂ ಇವತ್ತೇ ಸೇವ್ ಮಾಡಿಸಿ.